ತಂಡದ ಮ್ಯಾನೇಜರ್‌ಗಳ ಆನ್‌ಲೈನ್ ಕೋರ್ಸ್: ಮೂರನೇ ವಾರಕ್ಕಾಗಿಯೇ ಸೇರಬಹುದು

14 ವರ್ಷದೊಳಗಿನ ಮಕ್ಕಳ ಫುಟ್‌ಬಾಲ್ ತಂಡ ನೋಡಿಕೊಳ್ಳಲು ಒಪ್ಪಿಕೊಂಡ ಮೇಲೆ ಈ ಆರು ವಾರದ ಕೋರ್ಸ್ ಸೇರಿದೆ. ಮ್ಯಾನೇಜರ್ ಅಂದರೆ 11 ಜನರನ್ನು ಆರಿಸಿ ಗೆರೆಯ ಪಕ್ಕ ನಿಂತು ಕೂಗುವವನು ಅಂದುಕೊಂಡಿದ್ದೆ.

ಮೊದಲ ಎರಡು ವಾರ 4-4-2, 4-3-3 ಜೋಡಣೆಗಳ, ಅಂದರೆ ಆಟಗಾರರನ್ನು ಮೈದಾನದಲ್ಲಿ ಹೇಗೆ ನಿಲ್ಲಿಸಬೇಕು ಅನ್ನುವುದರ ಪಾಠ. ಪರವಾಗಿಲ್ಲ, ಅಷ್ಟೇ.

ಮೂರನೇ ವಾರ ನನ್ನ ಕಣ್ಣು ತೆರೆಸಿತು. ಅದು ನಿಯಮಗಳ ಪಾಠ. ಒಂದು ಹೊತ್ತಿಗೆ ಒಬ್ಬರು ಮಾತ್ರ ಟೆಕ್ನಿಕಲ್ ಏರಿಯಾದಿಂದ (ಮೈದಾನದ ಪಕ್ಕ ಕೋಚ್, ಬದಲಿ ಆಟಗಾರರು ಇರುವ ಜಾಗ) ತಂತ್ರ ಹೇಳಬೇಕು. ತಂಡದಲ್ಲಿ ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ಪಂದ್ಯ ಶುರುವಾಗುವುದೇ ಇಲ್ಲ. ಬೆಂಚಿನಲ್ಲಿ ಯಾರು ತಪ್ಪು ಮಾಡಿದರು ಅಂತ ರೆಫರಿಗೆ ಗೊತ್ತಾಗದಿದ್ದರೆ, ಹಳದಿ ಅಥವಾ ಕೆಂಪು ಕಾರ್ಡ್ ಅಲ್ಲಿರುವ ಹಿರಿಯ ಕೋಚ್‌ಗೆ! ಹೊಣೆ ಅಂದರೆ ಇದೇ ಅಲ್ವಾ? ಅಂದಿನಿಂದ ನನ್ನ ಬೆಂಚು ಸುಮ್ನೆ ಗಲಾಟೆ ಮಾಡದಂತೆ ನೋಡಿಕೊಳ್ಳುತ್ತೇನೆ.

ಹೆಸರುಗಳ ಪಟ್ಟಿ, ಗಾಯದ ದಾಖಲೆ, ತಲೆಗೆ ಪೆಟ್ಟು ಬಿದ್ದ ಮಗುವನ್ನು ತಕ್ಷಣ ಹೊರಗೆ ಕರೆಯುವುದು, ಎಲ್ಲವನ್ನೂ ನಿಧಾನವಾಗಿ ಹೇಳಿಕೊಡುತ್ತಾರೆ.

ಒಂದು ಕೊರತೆ ಮಾತ್ರ ಜಾಸ್ತಿ ಕಾಡಿತು. ತಂಡದಿಂದ ಕೈಬಿಟ್ಟ ಹುಡುಗನಿಗೆ ಅದನ್ನು ಹೇಗೆ ಹೇಳಬೇಕು? ಅದಕ್ಕೆ ಹತ್ತೇ ನಿಮಿಷದ ವಿಡಿಯೊ. ಕಳೆದ ತಿಂಗಳು ನಮ್ಮ ಗೋಲ್‌ಕೀಪರ್ ಮುಂದೆ ಕೂತಾಗ ನನಗೆ ಮಾತೇ ಹೊರಡಲಿಲ್ಲ. ಅವನ ಕಣ್ಣು ತುಂಬಿತ್ತು. ಈ ಕೆಲಸದಲ್ಲಿ ಅತಿ ಕಷ್ಟದ ಭಾಗ ಅದು. ಅದಕ್ಕೇ ಒಂದು ಪೂರ್ತಿ ವಾರ ಬೇಕಿತ್ತು.

ಐದಕ್ಕೆ ನಾಲ್ಕು ಸ್ಟಾರ್.