ಒಮೆಪ್ರಜೋಲ್ ಒಳ್ಳೇ ಮಾತ್ರೆ, ಆದರೆ ಹೊತ್ತು ನೋಡಿ ತಗೊಳ್ಳಿ

ಎರಡು ತಿಂಗಳು ಹೊಟ್ಟೆಯ ಆಸಿಡ್ ತಗ್ಗಿಸುವ ಒಮೆಪ್ರಜೋಲ್ 20 ಮಿಲಿಗ್ರಾಂ ಕ್ಯಾಪ್ಸೂಲ್ ನುಂಗಿದೆ, ಎದೆಯುರಿ ತಗ್ಗಲೇ ಇಲ್ಲ. ಬೆಳಗಿನ ಜಾವ ಗಂಟಲಿಗೆ ಹುಳಿನೀರು ಬಂದು ಎದ್ದು ಕೂರುವುದೂ ತಪ್ಪಲಿಲ್ಲ. ಈ ಮಾತ್ರೆ ನನಗೆ ಹಿಡಿಸುವುದಿಲ್ಲ ಅಂದುಕೊಂಡಿದ್ದೆ. ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ ‘ಯಾವ ಹೊತ್ತಲ್ಲಿ ತಗೊಳ್ತಿದ್ದೀರಿ?’ ಅಂತ. ರಾತ್ರಿ ಊಟ ಆಗಿ ಮಲಗುವಾಗ ಅಂದೆ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳಿ ಅಂದರು. ಅದೇ ಕ್ಯಾಪ್ಸೂಲ್, ಅದೇ ಡೋಸ್. ನಾಲ್ಕನೇ ದಿನಕ್ಕೆ ಉರಿ ಇಳಿಯಿತು, ಎರಡನೇ ವಾರ ರಾತ್ರಿಯಿಡೀ ನಿದ್ದೆ ಬಂತು. ಇಷ್ಟು ಸಣ್ಣ ಮಾತನ್ನು ಮೊದಲು ಬರೆದುಕೊಟ್ಟವರೇ ಹೇಳಬೇಕಿತ್ತು ಅಲ್ವಾ? ನನಗೆ ಇನ್ನೂ ಬೇಜಾರಿದೆ.

ಕಾರಣ ಇಷ್ಟೇ. ಹೊಟ್ಟೆಯ ಒಳಗೋಡೆಯಲ್ಲಿ ಆಸಿಡ್ ಹೊರಹಾಕುವ ಪಂಪುಗಳಿವೆ, ನಾವು ಉಣ್ಣಲು ಕೂತಾಗ ಅವು ಜೋರಾಗಿ ಓಡುತ್ತವೆ. ಒಮೆಪ್ರಜೋಲ್ ಆಗಲಿ ಅದೇ ಜಾತಿಯ ಪ್ಯಾಂಟೊಪ್ರಜೋಲ್ ಆಗಲಿ ಓಡುತ್ತಿರುವ ಪಂಪನ್ನು ಮಾತ್ರ ಹಿಡಿದು ನಿಲ್ಲಿಸುತ್ತವೆ, ಅದೂ ರಕ್ತದಲ್ಲಿ ಕೆಲವೇ ಗಂಟೆ ಇರುತ್ತವೆ, ಹಾಗಾಗಿ ಊಟ ಬರುವಾಗ ಮಾತ್ರೆ ಮೊದಲೇ ಅಲ್ಲಿ ಕಾದಿರಬೇಕು. ಒಮ್ಮೆ ನಿಂತ ಪಂಪು ನಿಂತ ಹಾಗೆಯೇ, ದೇಹ ಹೊಸದನ್ನು ಮಾಡಿಕೊಳ್ಳಬೇಕು. ಅದಕ್ಕೇ ದಿನಕ್ಕೆ ಒಂದು ಸಾಕಾಗುತ್ತದೆ. ಪೂರ್ತಿ ಪರಿಣಾಮ ಕಾಣಲು ಮೂರ್ನಾಲ್ಕು ದಿನ ಬೇಕು, ಮೊದಲ ದಿನವೇ ಬೈಯಬೇಡಿ. ಕ್ಯಾಪ್ಸೂಲ್ ಒಳಗಿನ ಕಾಳುಗಳನ್ನು ಜಗಿಯಲೂಬೇಡಿ, ಅವುಗಳ ಲೇಪ ಒಡೆದರೆ ಹೊಟ್ಟೆಯ ಆಸಿಡ್ಡೇ ಔಷಧವನ್ನು ಹಾಳು ಮಾಡುತ್ತದೆ.

ತಕ್ಷಣ ಆರಾಮ ಬೇಕಾದಾಗ ನನ್ನ ಆಯ್ಕೆ ಆ್ಯಂಟಾಸಿಡ್ ಸಿರಪ್. ನಿಮಿಷಗಳಲ್ಲಿ ಉರಿ ತಗ್ಗುತ್ತದೆ, ಆದರೆ ಬೇಗ ಮತ್ತೆ ಶುರು. ಮೆಗ್ನೀಸಿಯಂ ಜಾಸ್ತಿ ಇರುವುದು ಭೇದಿ ಮಾಡಿಸುತ್ತದೆ, ಅಲ್ಯೂಮಿನಿಯಂ ಇರುವುದು ಮಲಬದ್ಧತೆ. ಆಸಿಡ್ ತಗ್ಗಿಸುವ ಇನ್ನೊಂದು ಬಗೆಯ ಮಾತ್ರೆ ಫ್ಯಾಮೊಟಿಡಿನ್ ರಾತ್ರಿಯ ಉರಿಗೆ ಚೆನ್ನಾಗಿದೆ, ದಿನಾ ತಗೊಂಡರೆ ಮೈ ಒಗ್ಗಿಕೊಂಡು ಪರಿಣಾಮ ಕಡಿಮೆಯಾಗುತ್ತದೆ.

ಅಲ್ಸರ್, ಅಂದರೆ ಹೊಟ್ಟೆಯ ಹುಣ್ಣು, ಇದ್ದರೆ ಆಸಿಡ್ ಮಾತ್ರೆಯೊಂದನ್ನೇ ನಂಬಿ ಕೂರಬೇಡಿ. ಬಹಳಷ್ಟು ಅಲ್ಸರಿಗೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಅನ್ನುವ ಬ್ಯಾಕ್ಟೀರಿಯಾ. ಅದನ್ನು ಕಂಡುಹಿಡಿದ ವಾರೆನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅದು ಇದ್ದರೆ ಆ್ಯಂಟಿಬಯಾಟಿಕ್ ಕೋರ್ಸನ್ನು, ಸಾಮಾನ್ಯವಾಗಿ 14 ದಿನದ್ದು, ಮುಗಿಸಲೇಬೇಕು. ಇನ್ನೊಂದು ದೊಡ್ಡ ಕಾರಣ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ. ಮಲ ಕಪ್ಪಗೆ ಟಾರಿನಂತೆ ಆದರೆ, ರಕ್ತ ವಾಂತಿಯಾದರೆ, ಸುಮ್ನೆ ಕಾಯದೆ ಆಸ್ಪತ್ರೆಗೆ ಓಡಿ.

ಒಮೆಪ್ರಜೋಲ್ ಮೇಲೆ ನನ್ನ ದೂರು ಒಂದೇ, ಬಿಡುವುದು ಕಷ್ಟ. ಹೊತ್ತು ಬದಲಿಸಿ ಎರಡು ತಿಂಗಳಾದ ಮೇಲೆ ಒಂದೇ ಸಲ ನಿಲ್ಲಿಸಿದೆ. ವಾರದೊಳಗೆ ಉರಿ ಮೊದಲಿಗಿಂತ ಜೋರಾಗಿ ಬಂತು. ರೋಗ ಮರುಕಳಿಸಿತು ಅಂತ ಹೆದರಿದೆ. ಆದರೆ ಅದು ಮಾತ್ರೆ ಬಿಟ್ಟಿದ್ದರ ಪರಿಣಾಮ: ಅಷ್ಟು ದಿನ ಆಸಿಡ್ ತಡೆದಿಟ್ಟ ಹೊಟ್ಟೆ ಆಮೇಲೆ ಕೆಲ ವಾರ ಹೆಚ್ಚು ಆಸಿಡ್ ಸುರಿಸುತ್ತದಂತೆ. ವರ್ಷಗಟ್ಟಲೆ ತಗೊಂಡರೆ ಮೈಯಲ್ಲಿ ವಿಟಮಿನ್ ಬಿ12, ಮೆಗ್ನೀಸಿಯಂ ಇಳಿಯಬಹುದು, ಹಾಗಾಗಿ ಸುಮ್ಮನೆ ಮುಂದುವರಿಸುವ ಮನಸ್ಸೂ ಇರಲಿಲ್ಲ. ಡಾಕ್ಟರ್ ಹೇಳಿದಂತೆ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ, ನಡುವೆ ಬೇಕಾದರೆ ಸಿರಪ್. ಹೀಗೆ ಬಿಡಲು ಐದು ವಾರ ಹಿಡಿಯಿತು.