ಸಿಸ್ಟಮ್‌ಗೆ ಸೈ, ಇಡೀ ರಾತ್ರಿಯ ಆಟಕ್ಕೆ ಒಗ್ಗದ ಎಸ್‌ಎಸ್‌ಡಿ

ನಾನು ಯಕ್ಷಗಾನ ಆಟಗಳನ್ನು ರೆಕಾರ್ಡ್ ಮಾಡಿ ಮನೆಯ ಕಂಪ್ಯೂಟರಿನಲ್ಲಿ ಕೂಡಿಡುವವನು. ಎಸ್‌ಎಸ್‌ಡಿಯ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಫೈಲು ಇಡುವ ಡ್ರೈವ್) ಈ ವಿಮರ್ಶೆ ಆ ಕೆಲಸದ ಕಣ್ಣಿನಿಂದ ಬರೆದದ್ದು. ನನ್ನದು 4ನೇ ತಲೆಮಾರಿನ ಐ5 ಪ್ರೊಸೆಸರ್, ಎಚ್81 ಮದರ್‌ಬೋರ್ಡು. ಡ್ರೈವನ್ನು ನೇರ ಬೋರ್ಡಿಗೇ ಸಿಕ್ಕಿಸುವ ಎಂ.2 ಸ್ಲಾಟ್ ಇಲ್ಲ, ಹಾಗಾಗಿ ಕೇಬಲ್ಲಿನಲ್ಲಿ ಜೋಡಿಸುವ 2.5 ಇಂಚಿನ ಸಾಟಾ ಡ್ರೈವೇ ಗತಿ. 1 ಟಿಬಿಯದ್ದರಲ್ಲಿ ಜೇಬಿಗೆ ಹೊಂದಿದ್ದನ್ನು ತಗೊಂಡೆ. ಇದೇ ಬೋರ್ಡ್ ಇರುವವರು ಗಮನಿಸಿ: ಎಚ್81ರಲ್ಲಿ ಎರಡು ಸಾಟಾ ಪೋರ್ಟ್ ಮಾತ್ರ 6 ಜಿಬಿಪಿಎಸ್, ಉಳಿದವು 3. ತಪ್ಪು ಪೋರ್ಟಿಗೆ ಸಿಕ್ಕಿಸಿದರೆ ಸೆಕೆಂಡಿಗೆ 550 ಎಂಬಿ ಓಡಬೇಕಾದ ಡ್ರೈವ್ 280ರ ಹತ್ತಿರವೇ ನಿಲ್ಲುತ್ತದೆ.

ಮೊದಲ ತಿರುಗಾಟದಲ್ಲಿ (ಮೇಳಗಳು ಊರೂರು ಸುತ್ತಿ ಆಟ ಆಡುವ ಕಾಲ) ಇದು ಕೊಟ್ಟ ಸುಖ ದೊಡ್ಡದು. ಬೆಳಗ್ಗೆ ಆಟ ಮುಗಿಸಿ ಬಂದವನು ಸ್ನಾನಕ್ಕೂ ಮೊದಲು ಮೆಮೊರಿ ಕಾರ್ಡನ್ನು ರೀಡರಿಗೆ ಹಾಕುತ್ತೇನೆ. ತಾರೀಕು, ಮೇಳ, ಊರು, ಪ್ರಸಂಗ ಎಂಬ ಕ್ರಮದಲ್ಲಿ ಫೋಲ್ಡರಿಗೆ ಹೆಸರಿಡುತ್ತೇನೆ. ಕಾಪಿ ಮುಗಿದ ಮೇಲೆ ಪ್ರತಿ ಫೈಲನ್ನೂ ತೆರೆದು ಮೂರು ಕಡೆ ನೋಡುವುದು ರೂಢಿ: ಪೀಠಿಕೆಯ ಮಾತು, ನಡುವಿನ ಒಂದು ಪದ್ಯ, ಕೊನೆಯ ಚೆಂಡೆ ಪೆಟ್ಟು. ಹಾರ್ಡ್‌ಡಿಸ್ಕ್‌ನಲ್ಲಿ ಹೀಗೆ ಮುಂದಕ್ಕೆ ಎಳೆದರೆ ಚಿತ್ರ ಹೆಪ್ಪುಗಟ್ಟುತ್ತಿತ್ತು. ಇದರಲ್ಲಿ ಬೆರಳಿಟ್ಟಲ್ಲಿಗೆ ಭಾಗವತರ ಸ್ವರ ಬಂದು ನಿಲ್ಲುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವುದಕ್ಕೆ ಕಾಯುವ ಕಾಲ ಹೋಯಿತು. ಬೂಟ್ ಟೈಮಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ.

ಡ್ರೈವ್ ಮುಕ್ಕಾಲು ತುಂಬಿದ ಮೇಲೆ ಇದರ ನಿಜವಾದ ಬಣ್ಣ ಕಂಡಿತು. ಇಡೀ ರಾತ್ರಿಯ ಆಟವೆಂದರೆ ಸುಮಾರು 100 ಜಿಬಿ. ಕಾರ್ಡಿನಿಂದ ಸೆಕೆಂಡಿಗೆ 85 ಎಂಬಿಯಂತೆ ಶುರುವಾದ ಕಾಪಿ ಸ್ವಲ್ಪ ಹೊತ್ತಿಗೆ 35ಕ್ಕೆ ಇಳಿದು ಅಲ್ಲೇ ತೆವಳುತ್ತದೆ. ವಿಂಡೋಸ್ ಕೂಡ ಅದೇ ಡ್ರೈವಿನಲ್ಲಿರುವುದರಿಂದ ಅಷ್ಟು ಹೊತ್ತು ಬ್ರೌಸರ್ ತೆರೆಯಲೂ ಒದ್ದಾಟ. ಅನುಮಾನ ಬಂದು ಅದೇ ಕಾರ್ಡನ್ನು ಹಳೇ ಹಾರ್ಡ್‌ಡಿಸ್ಕಿಗೆ ಕಾಪಿ ಹಾಕಿದೆ. ಕೊನೆಯವರೆಗೂ 85!

ಕಾರಣ ಒಳಗಿನ ಚಿಪ್‌ನಲ್ಲಿದೆ. ಇದು ಕ್ಯೂಎಲ್‌ಸಿ, ಅಂದರೆ ಒಂದು ಕೋಶದಲ್ಲಿ ನಾಲ್ಕು ಬಿಟ್. ಅಷ್ಟು ಒತ್ತೊತ್ತಾಗಿ ಬರೆಯುವುದು ನಿಧಾನದ ಕೆಲಸ. ಅದಕ್ಕೆ ಖಾಲಿ ಜಾಗದ ಒಂದು ಪಾಲನ್ನು ಕೋಶಕ್ಕೆ ಒಂದೇ ಬಿಟ್‌ನಂತೆ ಬಳಸಿ, ಬಂದದ್ದನ್ನೆಲ್ಲ ಮೊದಲು ಅಲ್ಲಿ ಬರೆದುಕೊಳ್ಳುತ್ತದೆ, ಆಮೇಲೆ ಪುರುಸೊತ್ತಿನಲ್ಲಿ ಒಳಗೆ ಸಾಗಿಸುತ್ತದೆ. ನೆಂಟರು ಬಂದಾಗ ಜಗಲಿಯಲ್ಲಿ ಚಾಪೆ ಹಾಸಿದ ಹಾಗೆ. ಡ್ರೈವ್ ತುಂಬುತ್ತಾ ಹೋದಂತೆ ಆ ಜಗಲಿಯೂ ಕಿರಿದಾಗುತ್ತದೆ. ಅದು ತುಂಬಿದ ಮೇಲೆ ನಿಧಾನದ ಬರವಣಿಗೆಯೇ ಗತಿ. ಹೊಸದರಲ್ಲಿ ಖಾಲಿ ಡ್ರೈವಿನ ಮೇಲೆ ನಡೆಸುವ ಸ್ಪೀಡ್ ಟೆಸ್ಟಿನಲ್ಲಿ ಇದು ಯಾವುದೂ ಕಾಣುವುದಿಲ್ಲ.

ನನ್ನ ಸಿಟ್ಟು ನಿಧಾನದ ಮೇಲಲ್ಲ. ಬಾಕ್ಸಿನ ಮೇಲೆ 550 ಎಂಬಿ ಅಂತ ದಪ್ಪಕ್ಷರದಲ್ಲಿದೆ, ಕ್ಯೂಎಲ್‌ಸಿ ಎಂಬ ಮಾತು ಎಲ್ಲೂ ಇಲ್ಲ. ಡಿರ‍್ಯಾಮ್ (ಯಾವ ಫೈಲು ಎಲ್ಲಿದೆ ಎಂಬ ಲೆಕ್ಕ ಇಟ್ಟುಕೊಳ್ಳುವ ವೇಗದ ಮೆಮೊರಿ) ಇಲ್ಲವೆಂಬುದೂ ಇಲ್ಲ. ಅಕ್ಕಿ ಚೀಲದ ಮೇಲೆ ತಳಿಯ ಹೆಸರು ಇರುವಾಗ ಇಷ್ಟು ಹಣದ ವಸ್ತುವಿನ ಮೇಲೆ ಇರಬೇಡವೇ?

ಕೊಳ್ಳುವವರು ಸೆಲ್ (ಕೋಶ) ಯಾವ ಬಗೆಯದು, ಡಿರ‍್ಯಾಮ್ ಇದೆಯೇ, ಟಿಬಿಡಬ್ಲ್ಯು (ಒಟ್ಟು ಎಷ್ಟು ಟಿಬಿ ಬರೆಯುವವರೆಗೆ ಬಾಳುತ್ತದೆ ಎಂಬ ಕಂಪನಿಯ ಲೆಕ್ಕ) ಎಷ್ಟು ಎಂದು ಅಂಗಡಿಯಲ್ಲೇ ಕೇಳಿ. ಅದೇ ಮಾಡೆಲ್ ಹೆಸರಿನಲ್ಲಿ ಒಳಗಿನ ಚಿಪ್ ಬದಲಾಗುವುದೂ ಉಂಟು, ಹಾಗಾಗಿ ಹಳೇ ವಿಮರ್ಶೆಗಳನ್ನು ನೆಚ್ಚಬೇಡಿ. ಬರೀ ಟ್ಯಾಲಿ, ಟೈಪಿಂಗ್, ಯೂಟ್ಯೂಬ್ ಅಂದರೆ ಈ ತರಹದ್ದೇ ಧಾರಾಳ. ನನ್ನಂತೆ ದೊಡ್ಡ ಫೈಲು ತುಂಬುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಡಿರ‍್ಯಾಮ್ ಇರುವ ಟಿಎಲ್‌ಸಿ (ಕೋಶಕ್ಕೆ ಮೂರು ಬಿಟ್) ಹಾಕಿಸಿಕೊಳ್ಳಿ.

ಸದ್ಯ ಕಾರ್ಡಿನಿಂದ ನೇರ ಹಾರ್ಡ್‌ಡಿಸ್ಕಿಗೆ ಇಳಿಸಿ, ಎಡಿಟ್ ಮಾಡಬೇಕಾದ ತುಂಡುಗಳನ್ನಷ್ಟೇ ಎಸ್‌ಎಸ್‌ಡಿಗೆ ತರುತ್ತೇನೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಹೊಸದು ತಗೊಂಡು, ಇದನ್ನು ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಹಾಕಿಕೊಡುತ್ತೇನೆ. ಅವಳ ಕಾಲೇಜಿನ ಕೆಲಸಕ್ಕೆ ಇದು ವರ್ಷಗಟ್ಟಲೆ ಬಂದೀತು.