ಕಾರ್ ಬ್ಯಾಟರಿ ಟೆಸ್ಟರ್: ಸುರತ್ಕಲ್‌ನ ಉಪ್ಪುಗಾಳಿಯಲ್ಲಿ ಬಳಸಿ ನೋಡಿದ್ದು

ಈ ಟೆಸ್ಟರ್‌ನ ಬ್ರಾಂಡ್ ಹೆಸರು ಹೇಳಿ ಪ್ರಯೋಜನ ಇಲ್ಲ. ಅದೇ ಡಬ್ಬಿ, ಅದೇ ಸ್ಕ್ರೀನ್ ಹತ್ತಾರು ಹೆಸರಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೆಂಪು ಕ್ಲಿಪ್ ಒಂದು, ಕಪ್ಪು ಕ್ಲಿಪ್ ಒಂದು, ನಡುವೆ ಅಂಗೈ ಅಗಲದ ಮೀಟರ್. ನಾನು ತಗೊಂಡಾಗ ಎರಡು ಸಾವಿರದ ಆಸುಪಾಸು ಇತ್ತು. ನಮ್ಮದು ಸುರತ್ಕಲ್, ಸಮುದ್ರದ ಹತ್ತಿರವೇ ಮನೆ. ನನ್ನ ಕಾರು, ತಮ್ಮನ ಕಾರು, ಅಪಾರ್ಟ್‌ಮೆಂಟಿನಲ್ಲಿ ಯಾರದ್ದಾದರೂ ಸೆಲ್ಫ್ ತಗೊಳ್ಳದಿದ್ದರೆ ಅದೂ, ಎಲ್ಲದಕ್ಕೂ ಇದೇ. ಕೆಲವು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ. ವಸ್ತು ಒಳ್ಳೆಯದು. ಆದರೆ ಅದು ತೋರಿಸುವ ಅಂಕಿ ನಂಬಿ, ಕೊಡುವ ತೀರ್ಪನ್ನು ಅಷ್ಟಾಗಿ ನಂಬಬೇಡಿ.

ತೀರ್ಪು ಅಂದರೆ ಕೊನೆಯಲ್ಲಿ ಬರುವ ‘ಗುಡ್’, ‘ರೀಚಾರ್ಜ್’, ‘ರಿಪ್ಲೇಸ್’. ಮೀಟರ್ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಅಳೆದು, ಅದರಿಂದ ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಅಂದರೆ ಸೆಲ್ಫ್ ಹೊಡೆಯಲು ಬ್ಯಾಟರಿ ಕೊಡಬಲ್ಲ ಕರೆಂಟ್) ಲೆಕ್ಕ ಹಾಕಿ, ನಾವು ಮೊದಲೇ ಕೊಟ್ಟ ಸಿಸಿಎ ಜೊತೆ ಹೋಲಿಸುತ್ತದೆ. ತೊಂದರೆ ಇರುವುದು ಇಲ್ಲೇ. ನಮ್ಮಲ್ಲಿ ಎಷ್ಟೋ ಬ್ಯಾಟರಿಗಳ ಸ್ಟಿಕ್ಕರ್ ಮೇಲೆ ಬರೀ ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಇರುತ್ತದೆ, ಸಿಸಿಎ ಇರುವುದಿಲ್ಲ. ಅಂದಾಜಿಗೆ ಜಾಸ್ತಿ ಅಂಕಿ ಕೊಟ್ಟರೆ ಗಟ್ಟಿ ಬ್ಯಾಟರಿಯೂ ಹಾಳು ಅಂತ ಬರುತ್ತದೆ. ಮೆನುವಿನಲ್ಲಿ 38ಬಿ20 ತರಹದ ಜಪಾನಿ ಕೋಡ್ ಆರಿಸುವ ಆಯ್ಕೆ ಇದೆ, ಸ್ಟಿಕ್ಕರ್ ನೋಡಿ ಅದನ್ನೇ ಬಳಸಿ. ಅಂದ ಹಾಗೆ, ಸಿಸಿಎ ಎಂಬುದು ಮೈನಸ್ 18 ಡಿಗ್ರಿ ಚಳಿಯಲ್ಲಿ ಬ್ಯಾಟರಿ ಎಷ್ಟು ಆಂಪ್ ಕೊಡುತ್ತದೆ ಎಂಬ ಲೆಕ್ಕ. ಮಂಗಳೂರಿನಲ್ಲಿ ಮೈನಸ್ 18 ಸಿಗುವುದು ಐಸ್‌ಕ್ರೀಮ್ ಪಾರ್ಲರಿನ ಫ್ರೀಜರ್‌ನಲ್ಲಿ ಮಾತ್ರ! ಇಲ್ಲಿ ಬ್ಯಾಟರಿ ಕೊಲ್ಲುವುದು ಸೆಕೆ. ಇನ್ನೊಂದು ಮಾತು, ಅರ್ಧ ಚಾರ್ಜ್ ಇರುವ ಬ್ಯಾಟರಿಗೆ ಈ ಪರೀಕ್ಷೆ ಮಾಡಿದರೆ ಕೆಲವೊಮ್ಮೆ ಸುಮ್ನೆ ‘ರಿಪ್ಲೇಸ್’ ಅಂದುಬಿಡುತ್ತದೆ. ಪೂರ್ತಿ ಚಾರ್ಜ್ ಮಾಡಿ ಮತ್ತೆ ನೋಡಬೇಕು.

ವೋಲ್ಟ್ ಮಾತ್ರ ಸುಳ್ಳು ಹೇಳುವುದಿಲ್ಲ. ನನ್ನ ಮಲ್ಟಿಮೀಟರ್ ಜೊತೆ ಇಟ್ಟು ನೋಡಿದ್ದೇನೆ, ವ್ಯತ್ಯಾಸ ಇಲ್ಲ ಅನ್ನುವಷ್ಟು ಕಡಿಮೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ಬಂದರೆ ಫುಲ್, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಚಾರ್ಜರ್ ಹುಡುಕಿ. ಕಾರು ನಿಲ್ಲಿಸಿದ ಕೂಡಲೇ ನೋಡಿದರೆ 12.9 ಅಂತೆಲ್ಲ ಬರುತ್ತದೆ, ಅದು ಮೇಲ್ಮೇಲಿನ ಚಾರ್ಜ್. ಒಂದೆರಡು ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ, ಆಮೇಲೆ ನೋಡಿ.

ನನಗೆ ಹೆಚ್ಚು ಉಪಯೋಗ ಆಗಿದ್ದು ಕ್ರ್ಯಾಂಕಿಂಗ್ ಟೆಸ್ಟ್. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಎಷ್ಟಕ್ಕೆ ಬಿತ್ತು ಅಂತ ಹಿಡಿದಿಡುತ್ತದೆ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸುಸ್ತು. ಆದರೆ ಹೋದ ಮಳೆಗಾಲದಲ್ಲಿ ತಮ್ಮನ ಕಾರು ಬೇರೆಯೇ ಕಥೆ ಹೇಳಿತು. ಕೀ ತಿರುಗಿಸಿದರೆ ಟಕ್ ಟಕ್ ಸದ್ದು, ಡ್ಯಾಶ್ ಲೈಟ್ ಮಂಕು. ಬ್ಯಾಟರಿ ಅಂಗಡಿಯವರು ನೋಡಿದ ಕೂಡಲೇ ‘ಹೊಸತು ಹಾಕಿ ಮಾರಾಯ್ರೆ’ ಅಂದಿದ್ದರು. ಟೆಸ್ಟರ್ ಕ್ಲಿಪ್ಪನ್ನು ಸೀದಾ ಬ್ಯಾಟರಿಯ ಸೀಸದ ಕಂಬಕ್ಕೇ (ಟರ್ಮಿನಲ್) ಹಾಕಿ ನೋಡಿದರೆ, ಸೆಲ್ಫ್ ಹೊಡೆಯುವಾಗಲೂ 11ರ ಮೇಲೆಯೇ ಇದೆ. ಅಂದರೆ ಬ್ಯಾಟರಿ ಕೊಡಲು ತಯಾರಿದೆ, ಸ್ಟಾರ್ಟರ್‌ಗೆ ಅದು ಮುಟ್ಟುತ್ತಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಸ್ ಕಂಬದ ಮೇಲೆ, ಇನ್ನೊಂದು ಅದಕ್ಕೇ ಬಿಗಿದ ಕ್ಲಾಂಪ್ ಮೇಲೆ. ಸೊನ್ನೆಯ ಹತ್ತಿರ ಇರಬೇಕು, 0.2 ದಾಟಬಾರದು. ತಮ್ಮ ಸೆಲ್ಫ್ ಹೊಡೆದಾಗ ಬಂದಿದ್ದು ಒಂದೂವರೆ ವೋಲ್ಟ್. ಕಪ್ಪು ಕಡೆಯೂ ಹಾಗೇ. ಸ್ಪ್ಯಾನರ್ ಹಾಕಿ ಕ್ಲಾಂಪ್ ಎತ್ತಿದರೆ ಒಳಗೆಲ್ಲ ಬಿಳಿ-ಹಸಿರು ಪುಡಿ, ಸೀಸದ ಮೇಲೆ ಕಂದು ಪೊರೆ. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಇದು ಎಲ್ಲರ ಮನೆ ಕಥೆ. ಆಸಿಡ್ ಆವಿ, ತೇವ, ಉಪ್ಪುಗಾಳಿ, ಹೆದ್ದಾರಿಯಲ್ಲಿ ಮೀನಿನ ಲಾರಿಯ ಹಿಂದೆ ಸಿಕ್ಕಿಬಿದ್ದರೆ ಅದರ ನೀರು ಬೇರೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಸವರಿದೆವು. ಕಳಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಅದೇ ಬ್ಯಾಟರಿ ಈಗಲೂ ಓಡುತ್ತಿದೆ.

ಚಾರ್ಜಿಂಗ್ ಟೆಸ್ಟ್ ಕೂಡ ಚೆನ್ನಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗಿದ್ದರೆ ಡೈನಮೋ ಸರಿ ಇದೆ. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ, ಬ್ಯಾಟರಿ ಬೇಯುತ್ತದೆ. ಗೆಳೆಯನೊಬ್ಬ ಹೊಸ ಬ್ಯಾಟರಿ ಹಾಕಿಸಿದ ಕೆಲವೇ ದಿನಕ್ಕೆ ಮತ್ತೆ ಡೌನ್ ಅಂತ ಫೋನ್ ಮಾಡಿದ. ಹೋಗಿ ಕ್ಲಿಪ್ ಹಾಕಿದರೆ ಎಂಜಿನ್ ಓಡುತ್ತಿದ್ದರೂ 12.3, ಅದೂ ಇಳಿಯುತ್ತಾ ಇದೆ. ಡೈನಮೋದ ಕಾರ್ಬನ್ ಬ್ರಷ್ ಸವೆದಿತ್ತು. ಹಳೆ ಬ್ಯಾಟರಿಯಲ್ಲಿ ತಪ್ಪೇ ಇರಲಿಲ್ಲವೇನೋ, ಆದರೆ ಅದು ಆಗಲೇ ಎಕ್ಸ್‌ಚೇಂಜ್‌ಗೆ ಹೋಗಿಯಾಗಿತ್ತು. ಈ ಟೆಸ್ಟ್ ಮಾಡುವಾಗ ಹೆಡ್‌ಲೈಟ್, ವೈಪರ್, ಏಸಿ ಬ್ಲೋವರ್ ಎಲ್ಲ ಹಾಕಿ ನೋಡಿ. ಜುಲೈ ರಾತ್ರಿಯ ಮಳೆಯಲ್ಲಿ ಕಾರಿಗೆ ಬೀಳುವ ಹೊರೆ ಅದೇ ಅಲ್ವಾ? ಖಾಲಿ ಓಡುವಾಗ 14 ತೋರಿಸಿ, ಹೊರೆ ಬಿದ್ದ ಕೂಡಲೇ 12.8ಕ್ಕೆ ಇಳಿಯುವ ಕಾರುಗಳಿವೆ. ಬೆಲ್ಟ್ ಸಡಿಲ ಇದೆಯಾ ಮೊದಲು ನೋಡಬೇಕು. ರಿಪಲ್ (ಚಾರ್ಜಿಂಗ್ ವೋಲ್ಟೇಜಿನ ಸಣ್ಣ ಏರಿಳಿತ) ಅಂಕಿಯೂ ಬರುತ್ತದೆ, ಅದು ಜಾಸ್ತಿ ಇದ್ದರೆ ಡೈನಮೋದೊಳಗಿನ ಡಯೋಡ್ ಮೇಲೆ ಅನುಮಾನ.

ಇತ್ತೀಚಿನ ಕಾರಿನವರಿಗೆ ಒಂದು ಮಾತು. ಇಂಧನ ಉಳಿಸಲು ಹೊಸ ಕಾರುಗಳು ಬೇಕೆಂದೇ ಚಾರ್ಜಿಂಗ್ ಇಳಿಸುತ್ತವೆ. ಟೆಸ್ಟರ್ ‘ಲೋ’ ಅಂದರೆ ಗಾಬರಿ ಬೇಡ. ಹೆಡ್‌ಲೈಟ್ ಹಾಕಿ ನೋಡಿ, ಹಲವು ಕಾರುಗಳಲ್ಲಿ ವೋಲ್ಟೇಜ್ ಆಗ ಏರುತ್ತದೆ.

ಇದರ ಕೈಲಿ ಆಗದ ಕೆಲಸ ಅಂದರೆ ನಿಂತ ಕಾರಿನಲ್ಲಿ ಕರೆಂಟ್ ಲೀಕ್ ಹಿಡಿಯುವುದು. ನಮ್ಮಲ್ಲಿ ಯಜಮಾನರು ಗಲ್ಫ್‌ನಲ್ಲಿ, ಕಾರು ಬೇಸ್‌ಮೆಂಟಿನಲ್ಲಿ, ಇಂಥವು ಬೇಕಾದಷ್ಟು. ಕೆಳಗಿನ ಮನೆಯವರದ್ದು ವಾರ ನಿಂತರೆ ಸಾಕು, ಸತ್ತು ಮಲಗುತ್ತಿತ್ತು. ಕಾರು ಪೂರ್ತಿ ನಿದ್ದೆಗೆ ಹೋಗುವವರೆಗೆ ಕಾದು ಮಲ್ಟಿಮೀಟರನ್ನು ಮೈನಸ್ ವೈರ್‌ಗೆ ಸೀರೀಸ್‌ನಲ್ಲಿ ಹಾಕಿದೆ. 50 ಮಿಲಿಆಂಪ್ ಒಳಗೆ ಇರಬೇಕಾದ್ದು 300 ಹತ್ತಿರ. 45 ಆಂಪಿಯರ್-ಅವರ್ ಬ್ಯಾಟರಿ ಆರು ದಿನಕ್ಕೆ ಖಾಲಿ ಆಗುವ ಲೆಕ್ಕ. ಡ್ಯಾಶ್‌ಕ್ಯಾಮ್ ಫ್ಯೂಸ್ ತೆಗೆದ ಕೂಡಲೇ ಇಳಿಯಿತು. (ಮೀಟರ್ ಹೀಗೆ ಇರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.)

ಇನ್ನು ದೂರು. ಕ್ಲಿಪ್‌ಗಳಿಗೆ ಬರೀ ತಾಮ್ರದ ಲೇಪ, ಮೊದಲ ಮಳೆಗಾಲಕ್ಕೇ ಸ್ಪ್ರಿಂಗ್ ತುಕ್ಕು ಹಿಡಿಯಿತು. ವೈರ್ ಗಿಡ್ಡ, ಕ್ರ್ಯಾಂಕ್ ಮಾಡಲು ಸೀಟಿನಲ್ಲಿ ಕೂತರೆ ಸ್ಕ್ರೀನ್ ಕಾಣುವುದಿಲ್ಲ, ಇನ್ನೊಬ್ಬರು ಬೇಕು. ಬ್ಯಾಟರಿಯಿಂದಲೇ ಕರೆಂಟ್ ತಗೊಳ್ಳುವುದರಿಂದ ಪೂರ್ತಿ ಸತ್ತ ಬ್ಯಾಟರಿಗೆ ಹಾಕಿದರೆ ಇದೂ ಏಳುವುದಿಲ್ಲ. ಪ್ರಿಂಟರ್ ಇರುವ ಮಾಡೆಲ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ವಾರಂಟಿಗೆ ಹೋದರೆ ಅಂಗಡಿಯವರು ಹೇಗೂ ತಮ್ಮದೇ ಮೀಟರ್ ಹಾಕಿ ನೋಡುತ್ತಾರೆ.